ಖಾತೆ ಮುಚ್ಚಿ, ದಾಖಲೆ ಉಳಿಸಿ



ಮುಂಬಯಿ, ಪುಣೆಗಳಲ್ಲಿ ಹೋಟೆಲು, ಅಂಗಡಿ, ಸಣ್ಣ ಕಚೇರಿ ನಡೆಸುವ ಕನ್ನಡಿಗರು ಅನೇಕರಿದ್ದಾರೆ. ಅಲ್ಲಿ ದುಡಿಯುವವರು ಇನ್ನೂ ಹೆಚ್ಚು. ಇಬ್ಬರಿಗೂ ಬೇಕಾದ ಮಾತೊಂದು ಇಂದು ಹೇಳಬೇಕಾಗಿದೆ.

ಹಿಂದೆ ಲೆಕ್ಕದ ಪುಸ್ತಕದಲ್ಲಿ ತಿದ್ದಿದ್ದು ಯಾರೆಂದು ಕೈಬರಹ ನೋಡಿ ಹೇಳಬಹುದಿತ್ತು. ಕಂಪ್ಯೂಟರಿನಲ್ಲಿ ಕೈಬರಹವಿಲ್ಲ. ಅದರ ಜಾಗದಲ್ಲಿರುವುದೇ ಯೂಸರ್ ಖಾತೆ. ಆದರೆ ಎಷ್ಟೋ ಕಡೆ ‘ಅಡ್ಮಿನ್’ ಎಂಬ ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಅದನ್ನೂ ಚೀಟಿಯಲ್ಲಿ ಬರೆದು ಗಲ್ಲಾದ ಪಕ್ಕ ಅಂಟಿಸಿರುತ್ತಾರೆ. ಒಂದು ದಿನ ನಾಲ್ಕು ಬಿಲ್ಲು ರದ್ದಾಗಿ ಹಣ ಕಡಿಮೆ ಬಂತೆನ್ನಿ. ಮಾಡಿದವರು ಯಾರು? ಯಂತ್ರ ‘ಅಡ್ಮಿನ್’ ಎನ್ನುತ್ತದೆ. ಅನುಮಾನ ಮಾತ್ರ ಆ ಹೊತ್ತಿಗೆ ಗಲ್ಲಾದಲ್ಲಿ ಕೂತಿದ್ದ ಹುಡುಗನ ಮೇಲೆ. ನಿರಪರಾಧಿಯಾದರೂ ಅವನ ಬಳಿ ಪುರಾವೆಯಿಲ್ಲ.

2023ರ ಏಪ್ರಿಲ್ 1ರಿಂದ ನೋಂದಾಯಿತ ಕಂಪನಿಗಳ ಲೆಕ್ಕದ ತಂತ್ರಾಂಶ ಪ್ರತಿ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮ ಜಾರಿಯಲ್ಲಿದೆ. ಒಬ್ಬರದೇ ಮಾಲೀಕತ್ವದ ಅಂಗಡಿಗೆ ಈ ಕಡ್ಡಾಯವಿಲ್ಲ. ಆದರೂ ಟ್ಯಾಲಿಯಂಥ ತಂತ್ರಾಂಶದಲ್ಲಿ ಈ ಸೌಲಭ್ಯವಿದೆ, ಬಳಸಿಕೊಳ್ಳಿ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ಮಾತ್ರ ಅದರಿಂದ ಫಲವಿಲ್ಲ. ಒಬ್ಬರಿಗೊಂದು ಖಾತೆ ಕೊಡಿ. ಬಿಲ್ಲು ಬರೆಯುವವರಿಗೆ ಬಿಲ್ಲಿನಷ್ಟೇ ಅಧಿಕಾರ ಸಾಕು; ಸಂಬಳದ ಪಟ್ಟಿ ಅವರಿಗೇಕೆ?

ಇನ್ನು ಕೆಲಸ ಬಿಟ್ಟು ಹೋಗುವವರ ವಿಷಯ. ಕೆಲವರು ಅವರ ಖಾತೆಯನ್ನು ಹಾಗೇ ಬಿಡುತ್ತಾರೆ. ಕೆಲವರು ಹೆಸರನ್ನೇ ಅಳಿಸಿಬಿಡುತ್ತಾರೆ. ಎರಡೂ ಸರಿಯಲ್ಲ. ಒಳಹೋಗುವ ಬಾಗಿಲನ್ನು ಅದೇ ದಿನ ಮುಚ್ಚಿ. ಆದರೆ ಸೇರಿದ ದಿನ, ಬಿಟ್ಟ ದಿನ, ಕೊಟ್ಟ ಸಂಬಳ, ಕಟ್ಟಿದ ಪಿ.ಎಫ್. ಇವೆಲ್ಲ ಉಳಿಯಲಿ. ಐದು ವರ್ಷ ಕಳೆದು ಆತ ಊರಿನಿಂದ ಫೋನ್ ಮಾಡಿ ಅನುಭವ ಪತ್ರ ಕೇಳಿದರೆ ಆಧಾರ ಬೇಡವೇ?

ಕೊನೆಗೆ ಹೆಸರಿನ ಮಾತು. ತಂತ್ರಾಂಶ ಮೊದಲ ಹೆಸರು, ನಡುವಿನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ತೋರಿಸುತ್ತದೆ. ನಮ್ಮಲ್ಲಿ ಹಲವರಿಗೆ ಅಡ್ಡಹೆಸರೇ ಇಲ್ಲ. ಇರುವುದು ಊರಿನದೋ ತಂದೆಯದೋ ಇನಿಶಿಯಲ್ಲು. ಗುಮಾಸ್ತರು ತೋಚಿದಂತೆ ತುಂಬಿದರೆ ಸಂಬಳದ ಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಪಿ.ಎಫ್. ಸದಸ್ಯರಿಗೆ 2014ರಿಂದ ಯು.ಎ.ಎನ್. ಎಂಬ 12 ಅಂಕಿಯ ಸಂಖ್ಯೆ ಸಿಗುತ್ತಿದೆ. ನೌಕರಿ ಬದಲಾದರೂ ಸಂಖ್ಯೆ ಅದೇ. ಅಲ್ಲಿನ ಹೆಸರು, ಜನ್ಮದಿನಾಂಕ ಆಧಾರ್‌ಗೆ ಹೊಂದದಿದ್ದರೆ ದುಡಿದ ಹಣ ಕೈಸೇರಲು ಅಲೆದಾಟ ತಪ್ಪದು.

ಮಾಲೀಕರೇ, ಹೊಸಬರನ್ನು ಸೇರಿಸಿಕೊಳ್ಳುವಾಗ ಆಧಾರ್ ಮುಂದಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಹೊಂದಿಸಿ, ಅವರಿಗೂ ಓದಲು ಕೊಡಿ. ನೌಕರಬಂಧುಗಳೇ, ಈ ತಿಂಗಳ ಸಂಬಳದ ಚೀಟಿ ಕೈಗೆ ಬಂದಾಗ ಮೊತ್ತದ ಜೊತೆ ಹೆಸರನ್ನೂ ಓದಿ. ತಪ್ಪಿದ್ದರೆ ಕೆಲಸದಲ್ಲಿರುವಾಗಲೇ ತಿದ್ದಿಸಿಕೊಳ್ಳಿ. ಬಿಟ್ಟ ಮೇಲೆ ಕೇಳುವುದು ಕಷ್ಟ.