ಝಿಯಾರತ್ ಬೇರೆ, ಅಮಲ್ ಬೇರೆ

(ಅರಸೀಕೆರೆಯ ಮಾಲೇಕಲ್ಲು ಬಳಿಯ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೆ ಸಲಾತ್ ಮತ್ತು ಸಲಾಮ್.

ಸಹೋದರರೇ, ಇಂದಿನ ಮಾತನ್ನು ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ. ಎರಡು ವರ್ಷದ ಹಿಂದೆ ನಮ್ಮ ಮಹಲ್ಲಾದ ಒಬ್ಬ ತಾಯಿ ಅಸರ್ ನಮಾಝಿನ ಬಳಿಕ ಮದ್ರಸದ ಬಾಗಿಲಿಗೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಮಗನ ಪಾಸ್‌ಪೋರ್ಟು, ವೀಸಾ ಕಾಗದ. "ಹಜರತ್, ಮಗ ಸೌದಿಗೆ ಹೊರಟಿದ್ದಾನೆ. ಒಂದು ದುಆ ಮಾಡಿ ಊದಿ ಕೊಡಿ" ಎಂದರು. ನಾವು ದುಆ ಮಾಡಿದೆವು. ಕವರಿನ ಮೇಲೆ ಊದಿದೆವು. ಕವರು ಬಿಚ್ಚಲಿಲ್ಲ.

ಐದು ತಿಂಗಳಿಗೆ ಆ ಹುಡುಗ ಮರಳಿ ಬಂದ. ಅದೇ ಕಾಗದವನ್ನು ನಮ್ಮ ಮುಂದಿಟ್ಟ. ವೀಸಾದ ವಿಧ ಎಂಬಲ್ಲಿ ಅರಬ್ಬಿಯಲ್ಲಿ 'ಝಿಯಾರಾ' ಎಂದು ಅಚ್ಚಾಗಿತ್ತು. ಝಿಯಾರತ್ ಎಂದರೆ ಏನೆಂದು ನಮ್ಮೂರಿನ ಚಿಕ್ಕ ಮಗುವೂ ಬಲ್ಲದು. ಹೋಗಿ ಕಂಡು ಮರಳುವುದು. ಕೆಲಸಕ್ಕೆ ಹೋಗುವವನ ಕಾಗದದಲ್ಲಿ ಇರಬೇಕಾದ ಪದ 'ಅಮಲ್'. ಅದೂ ನಮಗೆಲ್ಲ ಗೊತ್ತಿರುವ ಪದವೇ. ಮಹಲ್ಲಾದಲ್ಲಿ ಅರಬ್ಬಿ ಕಲಿತು ಬಂದವರು ನಾವು. ಆ ಒಂದು ಪದವನ್ನು ನಾವೇ ಓದದೆ ಹುಡುಗನನ್ನು ವಿಮಾನ ಹತ್ತಿಸಿದೆವು. ಈ ಲೆಕ್ಕವನ್ನು ನಾಳೆ ಅಲ್ಲಾಹನು ನಮ್ಮಿಂದಲೂ ಕೇಳುವನು.

ಅವನಿಗೆ ಅಲ್ಲಿ ಇಖಾಮಾ ಸಿಗಲಿಲ್ಲ. ಸಿಗುವುದು ಸಾಧ್ಯವೂ ಇರಲಿಲ್ಲ. ಒಂದು ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆದ, ಮೂರು ತಿಂಗಳ ಸಂಬಳ ಬರಲಿಲ್ಲ. ದೂರು ಕೊಡಲು ಹೋದರೆ ಮೊದಲು ಸಿಕ್ಕಿಬೀಳುವವನು ಅವನೇ. ಇಲ್ಲಿ ಏಜೆಂಟನಿಗೆ ಕೊಟ್ಟಿದ್ದು 1,40,000 ರೂಪಾಯಿ. 60,000 ತೆಂಗಿನಕಾಯಿ ಮಾರಿ ಕೂಡಿಟ್ಟ ಹಣ. ಉಳಿದ 80,000 ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಸಾಲ. ತಿಂಗಳಿಗೆ 2,400 ಬಡ್ಡಿಗೇ ಹೋಗುತ್ತಿತ್ತು, ಅಸಲು ಹಾಗೆಯೇ ನಿಂತಿತ್ತು. ಹಲಾಲ್ ಸಂಪಾದನೆಗೆಂದು ಹೊರಟ ಮನೆ ಮೊದಲ ಹೆಜ್ಜೆಯನ್ನೇ ಬಡ್ಡಿಯ ಮೇಲಿಟ್ಟಿತು. ಸಾಲವಿದ್ದು ಮರಣ ಹೊಂದಿದವನ ಜನಾಝಾ ನಮಾಝನ್ನು ಪ್ರವಾದಿವರ್ಯರು(ಸ) ತಾವು ನಿರ್ವಹಿಸದೆ ಹಿಂದೆ ಸರಿದು, ಹ. ಅಬೂ ಕತಾದಾ(ರ) ಆ ಸಾಲ ತನ್ನ ಮೇಲಿರಲಿ ಎಂದ ಬಳಿಕವೇ ನಿರ್ವಹಿಸಿದರೆಂಬ ಹದೀಸನ್ನು ನೀವು ಕೇಳಿದ್ದೀರಿ.

ಪರದೇಶದಲ್ಲಿ ಕೆಲಸ ಹುಡುಕುವುದು ತಪ್ಪಲ್ಲ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಹೇಗೆ ಹುಡುಕಬೇಕೆಂಬುದಕ್ಕೆ ಪವಿತ್ರ ಕುರ್‌ಆನಿನ ಸೂರಃ ಅಲ್ ಕಸಸ್‌ನಲ್ಲಿ ಹ. ಮೂಸಾರ(ಅ) ವೃತ್ತಾಂತವಿದೆ. ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದಾಗ ಅವರಿಗೆ ಅಲ್ಲಿ ಪರಿಚಯದವರಿಲ್ಲ, ಮನೆಯಿಲ್ಲ. ಬಾವಿಯ ಬಳಿ ಇಬ್ಬರು ಯುವತಿಯರು ತಮ್ಮ ಕುರಿಗಳನ್ನು ತಡೆದು ನಿಂತಿದ್ದರು. ಅವರ ಕುರಿಗಳಿಗೆ ನೀರು ಕುಡಿಸಿ, ನೆರಳಿಗೆ ಸರಿದು, ತಾನು ಅಗತ್ಯವುಳ್ಳವನೆಂದು ಅಲ್ಲಾಹನಲ್ಲಿ ಮಾತ್ರ ಹೇಳಿಕೊಂಡರು. ಸ್ವಲ್ಪ ಹೊತ್ತಿಗೆ ಕರೆ ಬಂತು. ಏಕೆ? ಕುಡಿಸಿದ ನೀರಿಗೆ ಪ್ರತಿಫಲ ಕೊಡಲು.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಮನೆಯ ಮಗಳು ತಂದೆಗೆ ಇವರನ್ನು ಕೆಲಸಕ್ಕಿಟ್ಟುಕೊಳ್ಳಲು ಹೇಳಿದಾಗ ಕೊಟ್ಟ ಕಾರಣ ಎರಡೇ, ಶಕ್ತಿ ಮತ್ತು ನಂಬಿಕಸ್ಥಿಕೆ. ಕೆಲಸ ಕೊಡುವವನು ನೋಡಬೇಕಾದದ್ದು ಅದು. ನಮ್ಮ ಹುಡುಗನನ್ನು ಕಳಿಸಿದವನು ನಿನಗೇನು ಬರುತ್ತದೆಂದು ಒಮ್ಮೆಯೂ ಕೇಳಲಿಲ್ಲ. ಎಷ್ಟು ಕೊಡುತ್ತೀಯೆಂದು ಮಾತ್ರ ಕೇಳಿದ. ವೈರಿಂಗ್ ಬರುತ್ತದೆಯೇ, ಯಾವ ಲೈಸೆನ್ಸ್ ಇದೆ, ಎಷ್ಟು ವರ್ಷದ ಅನುಭವ ಎಂದು ಕೇಳದವನು ಕೆಲಸ ಕೊಡುವವನೇ ಅಲ್ಲ.

ಮುಂದೆ ಮದ್‌ಯನ್‌ನಲ್ಲಿ ಕರಾರಾಯಿತು. ವಿವಾಹದ ಮಾತೂ ಅದರಲ್ಲಿತ್ತು. ದುಡಿಮೆ ಎಂಟು ವರ್ಷ, ಹತ್ತು ಪೂರ್ತಿ ಮಾಡುವುದು ಮೂಸಾರ(ಅ) ಇಷ್ಟ. ಹೊರೆ ಹೊರಿಸುವುದಿಲ್ಲವೆಂದು ಯಜಮಾನ ಮೊದಲೇ ಹೇಳಿದರು. ಅಲ್ಲಾಹನು ಸಾಕ್ಷಿಯೆಂದು ಮಾತು ಮುಗಿಯಿತು. ನೋಡಿ, ಒಬ್ಬ ಪ್ರವಾದಿಯೂ ಅವಧಿ ಗೊತ್ತುಮಾಡಿಕೊಂಡೇ ಕೆಲಸಕ್ಕಿಳಿದರು. ನಾವೋ, "ಅಲ್ಲಿ ಹೋದ ಮೇಲೆ ಎಲ್ಲಾ ಸರಿಹೋಗುತ್ತದೆ ಭಾಯಿ" ಎಂಬ ಮಾತಿಗೆ ತವಕ್ಕುಲ್ ಎಂದು ಹೆಸರಿಡುತ್ತೇವೆ.

ಈಗ ನಮ್ಮ ದೇಶದ ಕಾನೂನು. 1983ರ ವಲಸೆ ಕಾಯ್ದೆಯಂತೆ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವವನು ಕೇಂದ್ರ ಸರ್ಕಾರದಲ್ಲಿ ನೋಂದಾಯಿತನಾಗಿರಬೇಕು. ಅವನ ನೋಂದಣಿ ಸಂಖ್ಯೆಯನ್ನು 'ಇ-ಮೈಗ್ರೇಟ್' ಜಾಲತಾಣದಲ್ಲಿ ಮೊಬೈಲಿನಲ್ಲೇ ನೋಡಬಹುದು. ಅವನು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿ.ಎಸ್.ಟಿ. ರಸೀದಿ ಕೊಡಲೇಬೇಕು. ಈ ಅಂಕಿಯನ್ನು 1,40,000ದ ಪಕ್ಕದಲ್ಲಿಟ್ಟು ನೋಡಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅಂಥವರು ಸೌದಿ, ಯು.ಎ.ಇ., ಕುವೈತ್, ಕತಾರ್, ಒಮಾನ್, ಬಹ್ರೈನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಅನುಮತಿ ಬೇಕು. ಆಗ ಕರಾರು, ಸಂಬಳ, ಮಾಲೀಕ ಯಾರು ಎಂಬುದು ಸರ್ಕಾರದ ಕಣ್ಣಿಗೆ ಬೀಳುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಆಗುತ್ತದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ಝಿಯಾರತ್ ವೀಸಾಕ್ಕೆ ಈ ಅನುಮತಿ ಬೇಡ. ಏಜೆಂಟನಿಗೆ ಅದು ಅಷ್ಟು ಪ್ರಿಯವಾಗಿರುವುದು ಅದಕ್ಕೇ. ಹುಡುಗ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದ. ಸರಿಯಾದ ಬಾಗಿಲಿನಿಂದ ಹೋಗಿದ್ದರೆ ಯಾರಾದರೂ ಅವನ ಕಾಗದ ಓದುತ್ತಿದ್ದರು.

ಏಜೆಂಟನ ಹಂಗೇ ಬೇಡವೆನ್ನುವವರಿಗೆ ಬೆಂಗಳೂರಿನ ಕೌಶಲ್ಯ ಭವನದಲ್ಲಿ ರಾಜ್ಯ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ಅರಸೀಕೆರೆಯಿಂದ ಬೆಂಗಳೂರಿಗೆ ದಿನವೂ ರೈಲುಗಳಿವೆ, ಒಂದು ದಿನದ ಕೂಲಿ ಹೋದೀತು. ಈಗಾಗಲೇ ಹೋಗಿ ತೊಂದರೆಯಲ್ಲಿರುವವರ ಮನೆಯವರು ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ 1800 11 3090ಕ್ಕೆ ಕರೆ ಮಾಡಲಿ. ನಾಚಿಕೆಯಿಂದ ಸುಮ್ಮನಿರಬೇಡಿ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಲ್ಲಿ ಸ್ವತಃ ತಾನೇ ವಾದಿಯಾಗುವೆನೆಂದು ಅಲ್ಲಾಹನು ಎಚ್ಚರಿಸಿರುವುದು ಬುಖಾರಿಯ ಹದೀಸ್‌ನಲ್ಲಿದೆ. ನಾಚಬೇಕಾದವನು ಅವನು.

ತಾಯಂದಿರಿಗೂ ಒಂದು ಮಾತು. ಮೇಲಿನ ಕೋಣೆಯಲ್ಲಿ ಕೇಳುತ್ತಿದ್ದೀರಿ. ಒಡವೆ ಕೊಡುವವರು ನೀವು, ಆದ್ದರಿಂದ ಕೇಳುವ ಹಕ್ಕೂ ನಿಮ್ಮದೇ. ಕರಾರಿನಲ್ಲಿ ಸಂಬಳ ಎಷ್ಟು, ದಿನಕ್ಕೆ ಎಷ್ಟು ಗಂಟೆ, ಊಟ ವಸತಿ ಯಾರದು, ಮರಳುವ ಟಿಕೆಟ್ ಯಾರದು ಎಂದು ಮಗನನ್ನು ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಪೆಟ್ಟಿಗೆಯ ಬೀಗ ತೆಗೆಯಬೇಡಿ. ಸಾಲ ಅನಿವಾರ್ಯವಾದರೆ ಬಡ್ಡಿಯವನ ಅಂಗಡಿಗೆ ಹೋಗುವ ಮೊದಲು ಜಮಾಅತ್‌ಗೆ ತಿಳಿಸಿ. ಕಾಗದ ಸರಿಯಿದ್ದವನಿಗೆ ಬೈತುಲ್‌ಮಾಲ್‌ನಿಂದ ಬಡ್ಡಿಯಿಲ್ಲದೆ ಕೈಲಾದಷ್ಟು ಕೊಡಲು ಕಮಿಟಿ ಕಳೆದ ವಾರ ಒಪ್ಪಿದೆ. ದೊಡ್ಡ ಮೊತ್ತವೇನಲ್ಲ. ಅಲ್ಹಮ್ದುಲಿಲ್ಲಾಹ್, ಆರಂಭವಾಗಿದೆ.

ಈ ವಾರದಿಂದ ಪ್ರತಿ ಭಾನುವಾರ ಅಸರ್ ಬಳಿಕ ಮದ್ರಸದಲ್ಲಿ ಕುಳಿತಿರುತ್ತೇವೆ. ಹೊರಡುವವರು ವೀಸಾ, ಕರಾರು, ಏಜೆಂಟನ ನೋಂದಣಿ ಸಂಖ್ಯೆ ತನ್ನಿ. ಹಣ ಕೊಟ್ಟ ಮೇಲಲ್ಲ, ಕೊಡುವ ಮೊದಲು ತನ್ನಿ. ನಾವು ಅರಬ್ಬಿ ಓದುತ್ತೇವೆ. ಆ ಹುಡುಗನೂ ನಮ್ಮ ಪಕ್ಕದಲ್ಲಿರುತ್ತಾನೆ. ಈಗ ಇಲ್ಲೇ ಮೋಟಾರ್ ರಿವೈಂಡಿಂಗ್ ಕಲಿಯುತ್ತಿದ್ದಾನೆ, ಮೊಬೈಲಿನಲ್ಲಿ ಇ-ಮೈಗ್ರೇಟ್ ತೆರೆದು ನೋಡುವುದು ಅವನ ಕೆಲಸ. ದುಆ ಮಾಡಿ ಊದಿಯೂ ಕೊಡುತ್ತೇವೆ, ಕವರು ಬಿಚ್ಚಿ ಓದಿದ ಮೇಲೆ.