ಬಸ್ಸಿಗಾಗಿ ತೋಡಿದ ಸುರಂಗ

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಎಂಬ ಮಾತು ಎಲ್ಲರಿಗೂ ಗೊತ್ತು. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದ ಬಸ್ಸುಗಳಿಗೂ ಕೊನೆಗೆ ಇದೇ ಗತಿಯಾಯಿತು. ಅಲ್ಲಿ ಪೇಟೆಯ ನಡುವೆ, ನೆಲದಡಿಯಲ್ಲಿ ಬಸ್ಸುಗಳಿಗಾಗಿಯೇ ನಿಲ್ದಾಣಗಳನ್ನು ಕಟ್ಟಲಾಗಿತ್ತು. ಇಂದು ಅಲ್ಲಿ ಓಡುವುದು ರೈಲು ಮಾತ್ರ. ಆದರೆ ಒಂದು ವಿಶೇಷವಿದೆ. ಹಾವು ಬರುತ್ತದೆಂಬುದು ಇಲ್ಲಿ ಗೆದ್ದಲಿಗೆ ಮೊದಲೇ ತಿಳಿದಿತ್ತು!

ಸಿಯಾಟಲ್ ಕಡಲಿನ ಕೊಲ್ಲಿ ಮತ್ತು ಗುಡ್ಡಗಳ ನಡುವೆ ಬೆಳೆದ ಊರು. ಸುತ್ತಲಿನ ಬಡಾವಣೆಗಳ ಬಸ್ಸುಗಳೆಲ್ಲ ಪೇಟೆಯ ಕೆಲವೇ ಬೀದಿಗಳಿಗೆ ಬಂದು ಸೇರಬೇಕು. ಇದಕ್ಕೆ ಪರಿಹಾರವಾಗಿ 1968ರಲ್ಲಿ ರೈಲು ಯೋಜನೆಯೊಂದನ್ನು ಜನಮತಕ್ಕೆ ಇಡಲಾಯಿತು. ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರೂ ಕಾನೂನಿಗೆ ಬೇಕಾಗಿದ್ದ ಶೇಕಡ 60 ಮತ ಬೀಳಲಿಲ್ಲ. 1970ರಲ್ಲಿ ಮತ್ತೆ ಸೋಲು. ಸಿಯಾಟಲ್‌ಗೆ ಸಿಗಬಹುದಾಗಿದ್ದ ಕೇಂದ್ರದ ನೆರವು ಅಟ್ಲಾಂಟಾದ ಪಾಲಾಯಿತು.

ರೈಲಿಲ್ಲದ ಊರು ಬಸ್ಸನ್ನೇ ನೆಲದಡಿಗೆ ಇಳಿಸಿತು. 1987ರಲ್ಲಿ ಅಗೆತ ಆರಂಭವಾಗಿ, 1990ರ ಸೆಪ್ಟೆಂಬರ್ 15ರಂದು 2.1 ಕಿಲೋಮೀಟರ್ ಉದ್ದದ ಸುರಂಗ ತೆರೆಯಿತು. ಒಟ್ಟು ಐದು ನಿಲ್ದಾಣ. ನಡುವಿನ ಮೂರು ಪೂರ್ತಿ ನೆಲದಡಿ.

ಮುಚ್ಚಿದ ಸುರಂಗದಲ್ಲಿ ಡೀಸೆಲ್ ಹೊಗೆಗೆ ಏನು ಮಾಡುವುದು? ಇಟಲಿಯ ಬ್ರೆಡಾ ಕಂಪೆನಿಯಿಂದ ಎರಡು ಬಗೆಯಲ್ಲಿ ಓಡುವ 236 ಬಸ್ಸುಗಳು ಬಂದವು. ಹೊರಗೆ ಡೀಸೆಲ್, ಒಳಗೆ ವಿದ್ಯುತ್. ಸುರಂಗದ ಬಾಯಿಯಲ್ಲಿ ಬಸ್ಸು ನಿಂತು, ಮೇಲಿನ ತಂತಿಗೆ ಕೋಲುಗಳನ್ನು ಏರಿಸಿ, ಎಂಜಿನ್ ಆರಿಸಿ ಒಳಹೋಗುತ್ತಿತ್ತು.

ಮುಂದೊಂದು ದಿನ ರೈಲು ಬಂದೇ ಬರುತ್ತದೆಂದು ಕಟ್ಟುವಾಗಲೇ ಹಳಿಗಳನ್ನೂ ಹುದುಗಿಸಿಟ್ಟರು. ಎಡವಿದ್ದು ಇಲ್ಲಿಯೇ. ವಿದ್ಯುತ್ ನೆಲಕ್ಕೆ ಸೋರದಂತೆ ಹಳಿಗಳ ಸುತ್ತ ಇರಬೇಕಾದ ರಕ್ಷಣೆ ಸಾಲದಾಗಿತ್ತು. ಒಂದು ರೈಲೂ ಓಡದ ಹಳಿಗಳನ್ನು ಕಿತ್ತು ಹೊಸದನ್ನು ಹಾಕಬೇಕಾಯಿತು. ಹೊಸ ರೈಲುಗಳ ತಗ್ಗಿನ ಬಾಗಿಲಿಗೆ ಹೊಂದುವಂತೆ ನೆಲವನ್ನೂ ತಗ್ಗಿಸಬೇಕಾಯಿತು. ಇದಕ್ಕಾಗಿ 2005ರ ಸೆಪ್ಟೆಂಬರ್‌ನಿಂದ ಎರಡು ವರ್ಷ ಸುರಂಗ ಮುಚ್ಚಿತ್ತು.

2009ರ ಜುಲೈ 18ರಂದು ರೈಲು ಬಂತು. ಆಮೇಲೆ ಸುಮಾರು ಹತ್ತು ವರ್ಷ ಬಸ್ಸು, ರೈಲು ಎರಡೂ ಒಂದೇ ದಾರಿಯಲ್ಲಿ, ಒಂದರ ಹಿಂದೆ ಒಂದು ಓಡಿದವು. ಆದರೆ ಜೊತೆ ಬಾಳುವೆ ಸುಲಭವಲ್ಲ. ಬಸ್ಸಿಗೆ ಜನ ಹತ್ತುವುದು ತಡವಾದರೆ ಹಿಂದಿನ ರೈಲೂ ಕಾಯಬೇಕು. ಉತ್ತರ ತುದಿಯ ಬಸ್ ನಿಲ್ದಾಣದ ಜಾಗ ಸಭಾಂಗಣವೊಂದರ ವಿಸ್ತರಣೆಗೆ ಹೋಯಿತು. 2019ರ ಮಾರ್ಚ್ 23ರಂದು ಕೊನೆಯ ಬಸ್ಸುಗಳು ಸುರಂಗ ಬಿಟ್ಟವು.

ಬಸ್ಸಿನ ಪ್ರಯಾಣಿಕರಿಗೆ ಇದು ನಷ್ಟವೇ ಸರಿ. ಮಳೆಗೆ ಹೆಸರಾದ ಊರಿನಲ್ಲಿ ತಲೆಯ ಮೇಲಿದ್ದ ಸೂರು ತಪ್ಪಿತು. ಮತ್ತೆ ಬೀದಿ, ಮತ್ತೆ ಸಿಗ್ನಲ್ ದೀಪ. ಆದರೆ ಅದೇ ಸುರಂಗದಲ್ಲಿ ಒಂದು ರೈಲು ಹಲವು ಬಸ್ಸುಗಳ ಜನರನ್ನು ಒಯ್ಯುತ್ತದೆ ಎಂಬುದೂ ಸುಳ್ಳಲ್ಲ.

ಬೀದಿಯ ಬಸ್ ನಿಲ್ದಾಣವನ್ನು ಬೇಕೆಂದಾಗ ಬದಲಿಸಬಹುದು. ನೆಲದಡಿಯದನ್ನು ಹಾಗೆ ಬದಲಿಸಲಾಗದು. ಅಲ್ಲಿ ಅಗೆಯುವವರು ಇಂದಿನ ವಾಹನಕ್ಕಷ್ಟೇ ಅಲ್ಲ, ನಾಳೆಯದಕ್ಕೂ ಜಾಗ ಬಿಡಬೇಕು. ಸಿಯಾಟಲ್‌ನಲ್ಲಿ ಮುಂದಾಲೋಚನೆಯಿಂದ ಹಾಕಿದ ಹಳಿ ವ್ಯರ್ಥವಾಯಿತು. ಮುಂದಾಲೋಚನೆಯಿಂದ ಬಿಟ್ಟ ಜಾಗ ಮಾತ್ರ ಉಪಯೋಗಕ್ಕೆ ಬಂತು.