ಮನೆಯ ವೈರಿಂಗ್: ಬದಲಾದ ನಿಯಮ ಮತ್ತು ನಮ್ಮ ಜವಾಬ್ದಾರಿ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಬೇಸಾಯ ಶಾಸ್ತ್ರದ ಅಧ್ಯಾಪಕ. ವಿದ್ಯುತ್ತಿನ ವಿಷಯ ನನಗೇಕೆ ಎಂದು ನೀವು ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ನಡೆದ ಒಂದು ಘಟನೆ.

ಕೆಲವು ವರ್ಷಗಳ ಹಿಂದೆ ಊರಿನ ಮನೆಗೆ ಹೊಸ ವೈರಿಂಗ್ ಮಾಡಿಸಿದೆವು. ಮೀಟರಿನ ಪಕ್ಕ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಕೂರಿಸಿದ್ದರು. ಅದು ದಿನವೂ ಬೀಳತೊಡಗಿತು. ಬೇಸತ್ತು ಊರಿನ ವೈರ್‌ಮನ್‌ನನ್ನು ಕರೆಸಿದೆವು. ಮೂವತ್ತು ವರ್ಷ ಕೆಲಸ ಮಾಡಿದ ಕೈ. ಆದರೆ ಪರ್ಮಿಟ್ ಇರಲಿಲ್ಲ. ಆತ ಅದನ್ನು ತಪ್ಪಿಸಿ ನೇರವಾಗಿ ತಂತಿ ಕೊಟ್ಟ. ನಾನೂ ತಲೆಯಾಡಿಸಿದೆ. ವಾರ ಕಳೆಯುವಷ್ಟರಲ್ಲಿ ಬಚ್ಚಲಿನ ಗೀಸರ್ ನಲ್ಲಿ ಮುಟ್ಟಿದ ನಮ್ಮ ಅತ್ತಿಗೆ ಶಾಕ್ ಹೊಡೆದು ಬಿದ್ದರು. ಪುಣ್ಯಕ್ಕೆ ಉಳಿದರು. ಗೀಸರಿನಲ್ಲಿ ಸೋರಿಕೆ ಇತ್ತು. ಅರ್ಥಿಂಗ್ ಗುಂಡಿ ಬೇಸಿಗೆಗೆ ಒಣಗಿತ್ತು. ದಿನವೂ ಬೀಳುತ್ತಿದ್ದ ಸಾಧನ ನಿಜವನ್ನೇ ಹೇಳುತ್ತಿತ್ತು. ಅದರ ಬಾಯಿ ಮುಚ್ಚಿಸಿದವರು ನಾವು.

ಈ ಸಾಧನದ ಕೆಲಸ ಸರಳ. ಕಾಲುವೆಯ ತಲೆಯಲ್ಲಿ ಬಿಟ್ಟ ನೀರು ಕೊನೆಯಲ್ಲಿ ಕಡಿಮೆಯಾದರೆ ಎಲ್ಲೋ ಬದು ಒಡೆದಿದೆ ಎಂದು ತಿಳಿಯುತ್ತೇವಲ್ಲವೇ? ಹಾಗೆಯೇ ಫೇಸಿನಲ್ಲಿ ಹೋದ ವಿದ್ಯುತ್ತು ನ್ಯೂಟ್ರಲಿನಲ್ಲಿ ಅಷ್ಟೇ ಹಿಂತಿರುಗಬೇಕು. 30 ಮಿಲಿ ಆಂಪಿಯರ್ ವ್ಯತ್ಯಾಸ ಬರುವುದರೊಳಗೆ ಅದು ಸರಬರಾಜನ್ನು ಕಡಿಯುತ್ತದೆ. ಫ್ಯೂಸು ಈ ಕೆಲಸ ಮಾಡಲಾರದು. 5 ಆಂಪಿಯರಿನ ಫ್ಯೂಸು ತಂತಿಯನ್ನು ಕಾಯುತ್ತದೆ; ಮನುಷ್ಯನ ಜೀವ ತೆಗೆಯಲು ಅದರ ನೂರರಲ್ಲೊಂದು ಪಾಲು ಸಾಕು.

ಇನ್ನು ನಿಯಮಗಳು. 1956ರ ಭಾರತೀಯ ವಿದ್ಯುತ್ ನಿಯಮಗಳ ಜಾಗದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು. ಅದರಲ್ಲಿ 5 ಕಿಲೋವಾಟಿಗಿಂತ ಕಡಿಮೆ ಹೊರೆಯ ಮನೆಗಳಿಗೆ ಈ ಸಾಧನದಿಂದ ವಿನಾಯಿತಿ ಇತ್ತು. ಎಂದರೆ ಹಳ್ಳಿಯ ಬಹುತೇಕ ಮನೆಗಳು ಹೊರಗುಳಿದವು. ಆಮೇಲೆ ಆ ಮಿತಿಯನ್ನು ಇಳಿಸಲಾಯಿತು. 2023ರ ನಿಯಮಾವಳಿಯಲ್ಲಿ ತೀರ ಸಣ್ಣ ಸಂಪರ್ಕಗಳನ್ನು ಬಿಟ್ಟು ಮನೆಗಳಿಗೆ 30 ಮಿಲಿ ಆಂಪಿಯರ್ ಮೀರದ ಸಾಧನ ಬೇಕೆಂದಿದೆ.

ವೈರಿಂಗ್ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರರೇ ಮಾಡಿಸಬೇಕೆಂಬುದು 1956ರಿಂದಲೂ ಇರುವ ಕಟ್ಟು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸಲು ಅದು ಅಡ್ಡಿಯಲ್ಲ. ಊರಿನ ವೈರ್‌ಮನ್‌ಗಳ ಅನ್ನಕ್ಕೆ ಇದು ಕಲ್ಲು ಹಾಕುತ್ತದೆಂಬ ದೂರಿದೆ. ಆ ಕಷ್ಟ ನಿಜ. ಆದರೆ ಅವರನ್ನು ದೂರವಿಡುವುದು ದಾರಿಯಲ್ಲ. ಪರ್ಮಿಟ್ ಪಡೆಯಲು ನೆರವಾಗುವುದು ದಾರಿ. ವಿವರಗಳು ವಿದ್ಯುತ್ ಪರಿವೀಕ್ಷಕರ ಕಚೇರಿಯಲ್ಲಿ ದೊರೆಯುತ್ತವೆ. ನಮ್ಮ ವೈರ್‌ಮನ್ ಆ ಘಟನೆಯ ನಂತರ ತಾನೇ ಹೋಗಿ ಅರ್ಜಿ ಹಾಕಿದ.

ರೈತರು ಗಮನಿಸಬೇಕಾದ ಅಂಶಗಳು:

1. ಸಾಧನ ಪದೇ ಪದೇ ಬಿದ್ದರೆ ಅದನ್ನು ತಪ್ಪಿಸಬೇಡಿ. ಒಂದೊಂದೇ ಉಪಕರಣ ಬಿಚ್ಚಿ ಸೋರಿಕೆ ಎಲ್ಲಿದೆಯೆಂದು ಪತ್ತೆ ಮಾಡಿಸಿ.

2. ಭೂಮಿಯನ್ನೇ ನ್ಯೂಟ್ರಲ್ ಮಾಡಿಕೊಂಡು ದೀಪ ಉರಿಸುವ ಅಭ್ಯಾಸ ಬಿಡಿ. ಹಾಗೆ ಮಾಡಿದಲ್ಲಿ ಈ ಸಾಧನ ನಿಲ್ಲುವುದಿಲ್ಲ, ಪ್ರಾಣಕ್ಕೂ ಅಪಾಯ.

3. ಅರ್ಥಿಂಗ್ ಪೈಪು 2.5 ಮೀಟರಿಗೆ ಕಡಿಮೆ ಇರದಿರಲಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ.

4. ತಿಂಗಳಿಗೊಮ್ಮೆ ಸಾಧನದ ಮೇಲಿನ ಪರೀಕ್ಷಾ ಗುಂಡಿ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ.

5. ತಂತಿ, ಸ್ವಿಚ್ಚು, ಸಾಧನ ಎಲ್ಲಕ್ಕೂ ಐ.ಎಸ್.ಐ. ಗುರುತು ನೋಡಿಯೇ ಕೊಳ್ಳಿ.

ಈ ಸಾಧನಕ್ಕೆ ತಗಲುವ ಖರ್ಚು ಸುಮಾರು ಎರಡು ಚೀಲ ಡಿ.ಎ.ಪಿ. ಗೊಬ್ಬರದಷ್ಟು. ಬೆಳೆಗೆ ಹಿಂದೆಮುಂದೆ ನೋಡದೆ ಹಾಕುವ ಹಣವನ್ನು ಮನೆಮಂದಿಯ ಜೀವಕ್ಕೂ ಹಾಕೋಣ. ನಾನು ತಲೆಯಾಡಿಸಿದಂತೆ ನೀವು ಆಡಿಸಬೇಡಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.